ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಮರಗಸಿ ಕತ್ತಿ: ಉಕ್ಕಿಗೆ ಹದ ಹಾಕುವ ಸಮಗ್ರ ಮಾರ್ಗದರ್ಶಿ

ಮೂಡಿಗೆರೆ, ಸಕಲೇಶಪುರ ಕಡೆಯ ತೋಟಗಳಲ್ಲಿ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದಕ್ಕೆ, ಬಳಸುವ ಕತ್ತಿಯ ಬಾಯಿ ಮಡಚಿಕೊಂಡರೆ ಮೊದಲು ಬರುವ ಮಾತು ಒಂದೇ: ‘ಕಬ್ಬಿಣ ಸರಿ ಇಲ್ಲ’. ಬಾಯಿಯಿಂದ ಚಕ್ಕೆ ಹಾರಿದರೂ ಅದೇ ಮಾತು. ಬಹಳ ಸಲ ಕಬ್ಬಿಣದಲ್ಲಿ ಏನೂ ದೋಷ ಇರುವುದಿಲ್ಲ. ಒಂದೇ ಸ್ಪ್ರಿಂಗ್ ಪಟ್ಟಿಯನ್ನು ಮೂರು ತುಂಡು ಮಾಡಿ. ಒಂದರಿಂದ ಮಡಚಿಕೊಳ್ಳುವ ಕತ್ತಿ ಮಾಡಬಹುದು, ಇನ್ನೊಂದರಿಂದ ಚಕ್ಕೆ ಹಾರುವ ಕತ್ತಿ, ಮೂರನೆಯದರಿಂದ ವರ್ಷಗಟ್ಟಲೆ ಬಾಳುವ ಕತ್ತಿ. ಎಷ್ಟು ಕಾಯಿಸಿದಿರಿ, ಎಷ್ಟು ಬೇಗ ತಣಿಸಿದಿರಿ, ಆಮೇಲೆ ಎಷ್ಟಕ್ಕೆ ಮತ್ತೆ ಕಾಯಿಸಿದಿರಿ ಅನ್ನುವುದರಲ್ಲೇ ಎಲ್ಲ ಇದೆ. ಹದ ಹಾಕುವುದು ಅಂದರೆ ಇದೇ.

ಚಿಕ್ಕಮಗಳೂರು ಜಿಲ್ಲೆ ಕಬ್ಬಿಣಕ್ಕೆ ಹೊಸದಲ್ಲ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಗಣಿ ನಡೆಯಿತು. ಆದರೆ ಅದಿರು ಎಲ್ಲಿಯದೇ ಆಗಿರಲಿ, ಕತ್ತಿಯ ಗುಣ ತೀರ್ಮಾನವಾಗುವುದು ಕುಲುಮೆಯಲ್ಲಿ. ನಮ್ಮ ಕಡೆಯ ಆಚಾರ್ರು (ಕಮ್ಮಾರರು) ಇದನ್ನು ಕಣ್ಣಳತೆಯಲ್ಲೇ ಮಾಡಿಕೊಂಡು ಬಂದವರು. ಅವರ ಕಣ್ಣಿಗೆ ಕಾಣುವ ಬಣ್ಣದ ಹಿಂದೆ ಉಕ್ಕಿನೊಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ, ಹೊಸಬರೂ ಈ ಕೆಲಸ ಕಲಿಯಬಹುದು. ಅದಕ್ಕೇ ಮೊದಲು ಒಳಗಿನ ವಿಷಯ, ಆಮೇಲೆ ಕೆಲಸ.

ಉಕ್ಕಿನೊಳಗೆ ಏನಾಗುತ್ತದೆ

ಉಕ್ಕು ಅಂದರೆ ಕಬ್ಬಿಣ, ಜೊತೆಗೆ ಸ್ವಲ್ಪ ಇಂಗಾಲ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇಕಡಾ 0.5ರಿಂದ 0.7. ಇದರ ಜೊತೆ ಸಿಲಿಕಾನ್, ಮ್ಯಾಂಗನೀಸ್, ಕೆಲವದರಲ್ಲಿ ಕ್ರೋಮಿಯಂ ಇರುತ್ತದೆ. ಗೇಟಿಗೆ, ಕಿಟಕಿಗೆ ಬಳಸುವ ಸಾದಾ ಕಬ್ಬಿಣದಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಕಮ್ಮಿ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಕತ್ತಿಗೆ ಬೇಕಾದಷ್ಟು ಗಡಸು ಬರುವುದಿಲ್ಲ.

ತಣ್ಣಗಿರುವಾಗ ಕಬ್ಬಿಣದ ಪರಮಾಣುಗಳ ಜೋಡಣೆ ಒಂದು ರೀತಿ. ಇದಕ್ಕೆ ಫೆರೈಟ್ ಅಂತ ಹೆಸರು. ಇದರೊಳಗೆ ಇಂಗಾಲಕ್ಕೆ ಜಾಗವೇ ಇಲ್ಲ, ಶೇಕಡಾ 0.02ರಷ್ಟು ಹಿಡಿದರೆ ಹೆಚ್ಚು. ಉಳಿದ ಇಂಗಾಲ ಕಬ್ಬಿಣದ ಜೊತೆ ಸೇರಿ ಸಿಮೆಂಟೈಟ್ ಎಂಬ ತುಂಬಾ ಗಡಸಾದ, ಬೇಗ ಒಡೆಯುವ ವಸ್ತುವಾಗುತ್ತದೆ. ಉಕ್ಕು ನಿಧಾನವಾಗಿ ತಣಿದರೆ ಈ ಎರಡೂ ಪದರ ಪದರವಾಗಿ ಕೂರುತ್ತವೆ. ಮೆದು ಫೆರೈಟ್ ಒಂದು ಪದರ, ಗಡಸು ಸಿಮೆಂಟೈಟ್ ಒಂದು ಪದರ, ಚಿರೋಟಿಯ ಹಾಗೆ. ಇದು ಪರ್ಲೈಟ್. ತಣಿಯುವುದು ನಿಧಾನವಾದಷ್ಟೂ ಪದರ ದಪ್ಪ, ಉಕ್ಕು ಮೆದು. ಸ್ವಲ್ಪ ಬೇಗ ತಣಿದರೆ ಪದರ ತೆಳು, ಉಕ್ಕು ಗಟ್ಟಿ.

ಈಗ ಕಾಯಿಸೋಣ. 727 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪರ್ಲೈಟ್ ಬದಲಾಗಲು ಶುರುವಾಗುತ್ತದೆ. ಸಿಲಿಕಾನ್ ಇರುವ ಸ್ಪ್ರಿಂಗ್ ಉಕ್ಕಿಗೆ ಇನ್ನೂ ಸ್ವಲ್ಪ ಜಾಸ್ತಿ ಶಾಖ ಬೇಕು. ಪರಮಾಣುಗಳ ಜೋಡಣೆ ಬದಲಾಗಿ ಆಸ್ಟೆನೈಟ್ ಆಗುತ್ತದೆ. ಇದರೊಳಗೆ ಇಂಗಾಲಕ್ಕೆ ಬೇಕಾದಷ್ಟು ಜಾಗ ಇದೆ. ಪದರಗಳು ಹೋಗಿ ಇಂಗಾಲ ಎಲ್ಲ ಕಡೆ ಸಮನಾಗಿ ಹರಡಿಕೊಳ್ಳುತ್ತದೆ. ಆಸ್ಟೆನೈಟ್‌ಗೆ ಅಯಸ್ಕಾಂತ ಅಂಟುವುದಿಲ್ಲ. ಮುಂದೆ ಇದು ನಮಗೆ ಉಪಯೋಗಕ್ಕೆ ಬರುತ್ತದೆ.

ಇದೇ ಹೊತ್ತಿಗೆ ಗಬಕ್ಕನೆ ತಣಿಸಿದರೆ ಇಂಗಾಲಕ್ಕೆ ಹೊರಗೆ ಬಂದು ಪದರ ಕಟ್ಟಲು ಸಮಯ ಸಿಗುವುದಿಲ್ಲ. ಒಳಗೇ ಸಿಕ್ಕಿಕೊಳ್ಳುತ್ತದೆ. ಜೋಡಣೆ ಬಿಗಿದು ಸೊಟ್ಟಗಾಗುತ್ತದೆ. ಇದು ಮಾರ್ಟೆನ್ಸೈಟ್, ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಎಂಬ ಲೋಹತಜ್ಞರ ಹೆಸರಿನಿಂದ ಬಂದದ್ದು. ತುಂಬಾ ಗಡಸು. ಗಡಸು ಅಳೆಯುವ ರಾಕ್‌ವೆಲ್ ಸಿ ಮಾಪನದಲ್ಲಿ 60ರ ಮೇಲೆ. ಆದರೆ ಒಳಗೆ ಅಷ್ಟು ಬಿಗಿ ಇರುವುದರಿಂದ ಏಟು ತಡೆಯುವುದಿಲ್ಲ. ಇದನ್ನು ಮತ್ತೆ ಮೆಲ್ಲಗೆ ಕಾಯಿಸಿದರೆ ಸಿಕ್ಕಿಕೊಂಡ ಇಂಗಾಲ ಸ್ವಲ್ಪ ಸ್ವಲ್ಪವೇ ಹೊರಬಂದು ಬಹಳ ಸಣ್ಣ ಕಣಗಳಾಗುತ್ತದೆ, ಬಿಗಿ ಸಡಿಲವಾಗುತ್ತದೆ. ಗಡಸು ಒಂದಿಷ್ಟು ಹೋಗಿ ತಾಳಿಕೆ ಬರುತ್ತದೆ. ಇದೇ ಟೆಂಪರಿಂಗ್.

ಇದರ ಒಂದು ಉದಾಹರಣೆ ನಿಮ್ಮ ಮನೆಯ ಪಿಲ್ಲರ್ ಒಳಗೇ ಇದೆ. ಟಿಎಂಟಿ ಕಂಬಿ ಕೆಂಪಗೆ ರೋಲಿಂಗ್‌ನಿಂದ ಹೊರಬಂದ ಕೂಡಲೇ ಅದರ ಮೇಲೆ ರಭಸವಾಗಿ ನೀರು ಹಾಯಿಸುತ್ತಾರೆ. ಹೊರಮೈ ಮಾರ್ಟೆನ್ಸೈಟ್ ಆಗುತ್ತದೆ. ಒಳಗೆ ಉಳಿದ ಶಾಖ ಹೊರಗೆ ಬಂದು ಆ ಹೊರಮೈಯನ್ನೇ ಟೆಂಪರ್ ಮಾಡುತ್ತದೆ. ನಡುವೆ ಫೆರೈಟ್, ಪರ್ಲೈಟ್ ಉಳಿಯುತ್ತದೆ. ಹೊರಗೆ ಗಟ್ಟಿ, ಒಳಗೆ ಬಗ್ಗುವ ಗುಣ. ಇಂಗಾಲ ಕಮ್ಮಿ ಇರುವುದರಿಂದ ಆ ಹೊರಮೈ ಕತ್ತಿಯಷ್ಟು ಗಡಸಾಗುವುದಿಲ್ಲ, ಆದರೆ ಕಟ್ಟಡಕ್ಕೆ ಬೇಕಾದ ಬಲ ಬರುತ್ತದೆ. ಸೈಟಿನಲ್ಲಿ ಕಂಬಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಬೇಡಿ ಅನ್ನುವುದು ಇದಕ್ಕೇ. ಆ ಹೊರಮೈಯ ಬಲ ಅಲ್ಲಿಗೆ ಹೋಯಿತು.

ಇನ್ನೊಂದು ವಿಷಯ ಬಹಳ ಜನರಿಗೆ ಆಶ್ಚರ್ಯ ತರುತ್ತದೆ. ಹದ ಹಾಕಿದ ಕತ್ತಿ, ಹದ ಹಾಕದ ಕತ್ತಿ, ಎರಡನ್ನೂ ಒಂದೇ ದಪ್ಪಕ್ಕೆ ಮಾಡಿ ತುದಿಗೆ ಒಂದೇ ತೂಕ ನೇತುಹಾಕಿ. ತೂಕ ಸಣ್ಣದಿದ್ದರೆ ಎರಡೂ ಒಂದೇ ಅಳತೆ ಬಗ್ಗುತ್ತವೆ. ಉಕ್ಕಿನ ಬಿರುಸು, ಅಂದರೆ ಬಗ್ಗಲು ಅದು ಒಡ್ಡುವ ತಡೆ, ಸುಮಾರು 200 ಗಿಗಾಪ್ಯಾಸ್ಕಲ್, ಹದ ಹಾಕಿದ್ದರಿಂದ ಅದು ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ. ಬದಲಾಗುವುದು ಎಷ್ಟರವರೆಗೆ ಬಗ್ಗಿಸಿದರೆ ವಾಪಸ್ ನೆಟ್ಟಗಾಗುತ್ತದೆ ಅನ್ನುವ ಮಿತಿ. ಹದ ಇಲ್ಲದ್ದು ಬೇಗ ಸೊಟ್ಟಗೆ ನಿಂತುಬಿಡುತ್ತದೆ. ಹಾಗಾಗಿ ಕತ್ತಿ ತೂಗಾಡುತ್ತದೆ ಅನ್ನಿಸಿದರೆ ಹದ ಬದಲಿಸಿ ಪ್ರಯೋಜನ ಇಲ್ಲ, ಬೆನ್ನು ದಪ್ಪ ಮಾಡಬೇಕು. ಬಗ್ಗಿ ಹಾಗೇ ನಿಂತರೆ ಹದ ನೋಡಬೇಕು.

ಹಂತ 1: ಪಟ್ಟಿ ಆರಿಸುವುದು

ಗುಜರಿಯಲ್ಲಿ ಸಿಗುವ ಲಾರಿ, ಪಿಕಪ್ ಸ್ಪ್ರಿಂಗ್ ಪಟ್ಟಿ ಸಾಕು. 6ರಿಂದ 8 ಮಿಲಿಮೀಟರ್ ದಪ್ಪದ್ದು ಕತ್ತಿಗೆ ಅನುಕೂಲ. ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿ ಇಳಿದ ಗಾಡಿಗಳ ಪಟ್ಟಿ ಬಹಳ ದುಡಿದಿರುತ್ತದೆ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಇರಬಹುದು. ಅದನ್ನು ಹೀಗೆ ಹುಡುಕಿ: ತುಕ್ಕು, ಬಣ್ಣ ಎಲ್ಲ ಉಜ್ಜಿ ತೆಗೆಯಿರಿ. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕು ಇದ್ದರೆ ಒಳಗಿದ್ದ ಎಣ್ಣೆ ಹೊರಬಂದು ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಅಂಥ ಜಾಗ ಬಿಟ್ಟುಬಿಡಿ. ಮಧ್ಯದ ಬೋಲ್ಟ್ ತೂತಿನ ಸುತ್ತಮುತ್ತಲೂ ಬೇಡ.

ಹೊಸ ಉಕ್ಕು ಕೊಳ್ಳುವವರು ಇಎನ್ 45 ಅಥವಾ ಇಎನ್ 47 ಎಂಬ ಸ್ಪ್ರಿಂಗ್ ಉಕ್ಕು ಕೇಳಿ. ಹೊಸದರಲ್ಲಿ ದೊಡ್ಡ ಲಾಭ ಒಂದಿದೆ. ಏನು ಉಕ್ಕು ಅಂತ ಗೊತ್ತಿರುವುದರಿಂದ ಎಷ್ಟು ಶಾಖ ಬೇಕು ಅನ್ನುವುದೂ ಗೊತ್ತಿರುತ್ತದೆ.

ಹಂತ 2: ತುಂಡು ಪರೀಕ್ಷೆ

ಇದನ್ನು ಯಾರೂ ಬಿಡಬಾರದು. ಪಟ್ಟಿಯಿಂದ ಬೆರಳಗಲದ ನಾಲ್ಕು ತುಂಡು ಕತ್ತರಿಸಿ. ನಾಲ್ಕನ್ನೂ ಪ್ರಕಾಶವಾದ ಕೆಂಪು ಬರುವವರೆಗೆ ಕಾಯಿಸಿ.

ಒಂದನ್ನು ಒಣಬೂದಿಯೊಳಗೆ ಹೂತು ರಾತ್ರಿಯೆಲ್ಲ ಬಿಡಿ. ಇದು ಅನೀಲಿಂಗ್. ಒಳಗೆ ದಪ್ಪ ಪದರದ ಪರ್ಲೈಟ್. ಅರ ಎಳೆದರೆ ಸುಲಭವಾಗಿ ಕಚ್ಚುತ್ತದೆ. ವೈಸ್‌ಗೆ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆದರೆ ಬಗ್ಗುತ್ತದೆ.

ಎರಡನೆಯದನ್ನು ಗಾಳಿಯಲ್ಲಿ ತೂಗುಹಾಕಿ ತಣಿಸಿ. ಇದು ನಾರ್ಮಲೈಸಿಂಗ್. ಪದರ ತೆಳು, ಕಾಳು (ಉಕ್ಕಿನೊಳಗಿನ ಹರಳುಗಳು) ಸಣ್ಣ. ಅರಕ್ಕೆ ಸ್ವಲ್ಪ ಬಿಗಿ ಅನ್ನಿಸುತ್ತದೆ.

ಮೂರನೆಯದನ್ನು ಬೆಚ್ಚಗಿನ ಎಣ್ಣೆಗೆ ಅದ್ದಿ (ಯಾವ ಎಣ್ಣೆ, ಏನು ಎಚ್ಚರಿಕೆ ಅನ್ನುವುದು ಹಂತ 6ರಲ್ಲಿದೆ). ಈಗ ಅರ ಜಾರಬೇಕು. ಜಾರದೆ ಕಚ್ಚಿದರೆ ಒಂದೋ ಶಾಖ ಸಾಲದು, ಇಲ್ಲವೇ ಈ ಪಟ್ಟಿ ಕತ್ತಿಗೆ ಆಗುವ ಉಕ್ಕಲ್ಲ. ನಾಲ್ಕನೆಯದನ್ನೂ ಎಣ್ಣೆಗೆ ಅದ್ದಿ, ಆಮೇಲೆ 230 ಡಿಗ್ರಿಯಲ್ಲಿ ಎರಡು ಗಂಟೆ ಟೆಂಪರ್ ಮಾಡಿ.

ಮೂರನೇ ತುಂಡನ್ನು ದಪ್ಪ ಗೋಣಿಬಟ್ಟೆಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು ಒಡೆಯಿರಿ. ಒಂದೇ ಏಟಿಗೆ ಮುರಿಯುತ್ತದೆ. ಮುರಿದ ಮುಖ ಬಿಸಿಲಿನಲ್ಲಿ ನೋಡಿ. ನುಣ್ಣಗೆ, ಮಂಕು ಬೂದುಬಣ್ಣ ಇದ್ದರೆ ಕಾಳು ಸಣ್ಣದಿದೆ, ಶಾಖ ಸರಿ ಇತ್ತು. ಒರಟಾಗಿ ಮಿಣಮಿಣ ಹೊಳೆಯುವ ದಪ್ಪ ಕಾಳು ಕಂಡರೆ ಶಾಖ ಜಾಸ್ತಿ ಆಗಿದೆ. ಅಷ್ಟು ಶಾಖದಲ್ಲಿ ಕತ್ತಿ ಮಾಡಿದ್ದರೆ ಮರದ ಮೇಲೆ ಮುರಿಯುತ್ತಿತ್ತು. ನಾಲ್ಕನೇ ತುಂಡು ಒಡೆಯಲು ಎಷ್ಟು ಹೆಚ್ಚು ಏಟು ಬೇಕು ಅಂತ ಕೈಗೇ ಗೊತ್ತಾಗುತ್ತದೆ. ಸಾಮಾನು ಒಂದೇ, ಉಳಿದದ್ದೆಲ್ಲ ಬೇರೆ. ನನ್ನ ಪ್ರಕಾರ ಈ ಒಂದು ಪರೀಕ್ಷೆ ಕಲಿಸುವಷ್ಟು ಬೇರೆ ಯಾವುದೂ ಕಲಿಸುವುದಿಲ್ಲ.

ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜಿನಂಥ ಕಡೆ ಮೆಕ್ಯಾನಿಕಲ್ ಓದುವ ಹುಡುಗರು ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಉಕ್ಕಿಗೆ ಹದ ಹಾಕಿ ಗಡಸು ಅಳೆಯುವುದು, ನುಣ್ಣಗೆ ಪಾಲಿಶ್ ಮಾಡಿ ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಪಾಠದಲ್ಲೇ ಬರುತ್ತದೆ. ಈ ನಾಲ್ಕು ತುಂಡುಗಳನ್ನು ಹಾಗೆ ನೋಡಿದರೆ ಪರ್ಲೈಟಿನ ಪದರ, ಮಾರ್ಟೆನ್ಸೈಟಿನ ಸೂಜಿಗಳು ಎದುರಿಗೇ ಕಾಣುತ್ತವೆ.

ಹಂತ 3: ಮೆದು ಮಾಡಿ ಆಕಾರ ಕೊಡುವುದು

ಸ್ಪ್ರಿಂಗ್ ಪಟ್ಟಿ ಕಾರ್ಖಾನೆಯಲ್ಲೇ ಹದ ಹಾಕಿ ಬಂದಿರುತ್ತದೆ. ಹಾಗೇ ತೂತು ಕೊರೆಯಲು ಹೋದರೆ ಡ್ರಿಲ್ ಬಿಟ್ ಹಾಳು. ಮೊದಲು ಬೂದಿಯಲ್ಲಿ ಅನೀಲ್ ಮಾಡಿ. ಆಮೇಲೆ ಕಾಯಿಸಿ ಬಡಿದು ಕೊಕ್ಕೆ ತಿರುಗಿಸಿ, ಗ್ರೈಂಡರ್‌ನಲ್ಲಿ ಆಕಾರ ತನ್ನಿ. ಕೆಂಪು ಮಂಕಾದ ಮೇಲೆ ಬಡಿಯಬೇಡಿ, ಬಿರುಕು ಬರುತ್ತದೆ.

ಬಾಯಿಯನ್ನು ಈಗಲೇ ಚೂಪು ಮಾಡಬಾರದು. ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪ ಉಳಿಸಿ. ತೆಳುವಾದ ಬಾಯಿ ಎಣ್ಣೆಗೆ ಬಿದ್ದ ಕೂಡಲೇ ಸೊಟ್ಟಗಾಗುತ್ತದೆ, ಇಲ್ಲವೇ ಸೀಳುತ್ತದೆ. ಜೊತೆಗೆ ಕುಲುಮೆಯಲ್ಲಿ ಮೇಲ್ಮೈಯ ಇಂಗಾಲ ಸ್ವಲ್ಪ ಸುಟ್ಟುಹೋಗಿರುತ್ತದೆ. ಆ ಪದರ ಆಮೇಲೆ ಸಾಣೆಯಲ್ಲಿ ಹೋಗಬೇಕು. ಒಳಮೂಲೆಗಳು ಚೂಪಾಗಿರಬಾರದು, ಎಲ್ಲವನ್ನೂ ದುಂಡಗೆ ಮಾಡಿ. ಅಡ್ಡ ಗೀರುಗಳನ್ನೂ ಉಜ್ಜಿ ತೆಗೆಯಿರಿ. ಬಿರುಕು ಶುರುವಾಗುವುದೇ ಅಂಥ ಜಾಗದಿಂದ.

ಹಂತ 4: ಕಾಳು ಸಣ್ಣ ಮಾಡುವುದು

ಬಡಿಯುವಾಗ ಉಕ್ಕು ತುಂಬಾ ಕಾದಿರುತ್ತದೆ. ಕಾದಷ್ಟೂ ಕಾಳು ದಪ್ಪ ಆಗುತ್ತದೆ. ದಪ್ಪ ಕಾಳಿನ ಉಕ್ಕಿಗೆ ಬಲವೂ ಕಮ್ಮಿ, ತಾಳಿಕೆಯೂ ಕಮ್ಮಿ. ಉಕ್ಕಿನಲ್ಲಿ ಒಂದು ಕೂಡಿದರೆ ಒಂದು ಕಳೆಯಬೇಕು, ಗಡಸು ಬಂದರೆ ತಾಳಿಕೆ ಹೋಗುತ್ತದೆ. ಕಾಳು ಸಣ್ಣ ಮಾಡುವುದು ಮಾತ್ರ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಇದಕ್ಕೆ ಖರ್ಚೂ ಇಲ್ಲ.

ಕತ್ತಿಯನ್ನು ಮೂರು ಸಲ ನಾರ್ಮಲೈಸ್ ಮಾಡಿ. ಮೊದಲ ಸಲ ಕಿತ್ತಳೆ ಬಣ್ಣಕ್ಕೆ ಹತ್ತಿರ, ಎರಡನೇ ಸಲ ಅದಕ್ಕಿಂತ ಕಮ್ಮಿ, ಮೂರನೇ ಸಲ ಅಯಸ್ಕಾಂತ ಬಿಡುವುದಕ್ಕಿಂತ ಸ್ವಲ್ಪ ಮೇಲೆ. ಪ್ರತಿ ಸಲವೂ ಗಾಳಿಯಲ್ಲಿ ಕಪ್ಪಾಗುವವರೆಗೆ ತಣಿಸಿ. ಉಕ್ಕು ಆಸ್ಟೆನೈಟ್ ಆಗಿ, ಮತ್ತೆ ಪರ್ಲೈಟ್ ಆಗುವಾಗೆಲ್ಲ ಹೊಸ ಕಾಳು ಹುಟ್ಟುತ್ತವೆ. ಹಳೆಯ ದಪ್ಪ ಕಾಳು ಹೋಗುತ್ತವೆ. ಬಡಿದಿದ್ದರಿಂದ ಒಳಗೆ ಸೇರಿದ ಬಿಗಿಯೂ ಹೋಗುವುದರಿಂದ ಎಣ್ಣೆಗೆ ಅದ್ದಿದಾಗ ಕತ್ತಿ ಸೊಟ್ಟಗಾಗುವುದು ಕಮ್ಮಿ.

ಹಂತ 5: ಕಾಯಿಸುವುದು

ನೆರಳಿನಲ್ಲಿ, ಆದಷ್ಟು ಸಂಜೆ ಹೊತ್ತು ಈ ಕೆಲಸ ಮಾಡಿ. ಬಿಸಿಲಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಇದ್ದಿಲು ಆಳವಾಗಿ ತುಂಬಿ, ಬ್ಲೋವರ್ ಗಾಳಿ ಸಣ್ಣಗೆ ಇಡಿ. ಗಾಳಿ ನೇರ ಕತ್ತಿಗೆ ಬಡಿದರೆ ಇಂಗಾಲ ಸುಡುತ್ತದೆ. ತುದಿ ಮತ್ತು ಬಾಯಿ ತೆಳು ಇರುವುದರಿಂದ ಬೇಗ ಕಾಯುತ್ತವೆ. ಕತ್ತಿಯನ್ನು ಹಿಂದೆ ಮುಂದೆ ಆಡಿಸುತ್ತಾ, ಮೊದಲು ಬೆನ್ನಿಗೆ ಶಾಖ ಕೊಡಿ.

ನಮಗೆ ಬೇಕಾದದ್ದು 850ರಿಂದ 870 ಡಿಗ್ರಿ. ಥರ್ಮಾಮೀಟರ್ ಇಲ್ಲದೆ ಹೇಗೆ? ಎರಡು ಗುರುತು ಸಾಕು. ತಂತಿಗೆ ಕಟ್ಟಿದ ಅಯಸ್ಕಾಂತ ಮೊದಲನೆಯದು. ಅದು ಅಂಟುವುದು ಬಿಟ್ಟರೆ ಹೆಚ್ಚೆಂದರೆ 770 ಡಿಗ್ರಿ. ಬಹಳ ಜನ ಇಲ್ಲೇ ಎಣ್ಣೆಗೆ ಅದ್ದುತ್ತಾರೆ. ಸ್ಪ್ರಿಂಗ್ ಉಕ್ಕಿಗೆ ಇದು ಸಾಲದು. ಇಂಗಾಲ ಪೂರ್ತಿ ಹರಡಿರುವುದಿಲ್ಲ, ಗಡಸು ಅರ್ಧಂಬರ್ಧ ಬರುತ್ತದೆ. ಎರಡನೆಯದು ಅಡುಗೆ ಉಪ್ಪು. ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಬೆನ್ನಿನ ಮೇಲೆ ಎರಡು ಹರಳು ಹಾಕಿ, ಕರಗಿ ಒದ್ದೆಯಾಗಿ ಹರಡಿದರೆ 801 ದಾಟಿದೆ. ಅದಕ್ಕಿಂತ ಒಂದು ಛಾಯೆ ಹೆಚ್ಚು ಪ್ರಕಾಶ ಬಂದರೆ ನಿಮ್ಮ ಜಾಗಕ್ಕೆ ಬಂದಿರಿ. ತುಂಡು ಪರೀಕ್ಷೆಯಲ್ಲಿ ನುಣ್ಣಗೆ ಮುರಿದ ತುಂಡಿನ ಬಣ್ಣ ನೆನಪಿಟ್ಟುಕೊಂಡಿದ್ದರೆ ಅದೇ ಅತ್ಯುತ್ತಮ ಅಳತೆ. ಬಣ್ಣ ಇಡೀ ಕತ್ತಿಗೆ ಸಮನಾದ ಮೇಲೆ ಎರಡು ಮೂರು ನಿಮಿಷ ಹಾಗೇ ಹಿಡಿಯಿರಿ, ಮೇಲಕ್ಕೆ ಹೋಗಲು ಬಿಡಬೇಡಿ.

ಹಂತ 6: ಎಣ್ಣೆಗೆ ಅದ್ದುವುದು

ನೀರು ಬೇಡ. ಮಾರ್ಟೆನ್ಸೈಟ್ ಆಗುವಾಗ ಉಕ್ಕು ಹಿಗ್ಗುತ್ತದೆ. ನೀರಿನಲ್ಲಿ ಹೊರಮೈ ಮೊದಲು ಬಿಗಿದುಕೊಂಡು, ಒಳಗಿನದು ಆಮೇಲೆ ಹಿಗ್ಗಲು ಹೋದಾಗ ಸೀಳು ಬರುತ್ತದೆ. ಸ್ಪ್ರಿಂಗ್ ಉಕ್ಕಿನಲ್ಲಿರುವ ಮ್ಯಾಂಗನೀಸ್, ಸಿಲಿಕಾನ್, ಕ್ರೋಮಿಯಂ ಪರ್ಲೈಟ್ ಹುಟ್ಟುವುದನ್ನು ತಡಮಾಡುತ್ತವೆ. ಅಷ್ಟು ಸಮಯ ಸಿಗುವುದರಿಂದ ಎಣ್ಣೆಯ ವೇಗವೇ ಸಾಕು.

ಹೊಂಗೆ ಎಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಬಳಸಿ. ಹಾಸನದ ಬಯಲು ಕಡೆ ಹೊಂಗೆಗೆ ಬರ ಇಲ್ಲ, ಮಡೆನೂರಿನ ಜೈವಿಕ ಇಂಧನ ಉದ್ಯಾನದಿಂದಾಗಿ ಹೊಂಗೆ ಎಣ್ಣೆಯ ಹೆಸರೂ ಜನರ ಬಾಯಲ್ಲಿದೆ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ. ಅದರ ಹೊಗೆ ವಿಷ. ಆರು ಇಂಚಿನ ಬೋರ್‌ವೆಲ್ ಕೇಸಿಂಗ್ ಪೈಪಿನ ಎರಡು ಅಡಿ ತುಂಡಿಗೆ ತಳ ವೆಲ್ಡ್ ಮಾಡಿಸಿ, ಅಗಲವಾದ ಪೀಠ ಹಾಕಿಸಿದರೆ ಒಳ್ಳೆಯ ಪಾತ್ರೆ. ಎಂಟರಿಂದ ಹತ್ತು ಲೀಟರ್ ಎಣ್ಣೆ ಹಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬಳಸಬೇಡಿ. ಕಾದ ಕಬ್ಬಿಣದ ತುಂಡು ಒಂದನ್ನು ಅದ್ದಿ ಎಣ್ಣೆಯನ್ನು 50ರಿಂದ 60 ಡಿಗ್ರಿಗೆ ತನ್ನಿ. ಬೆಚ್ಚಗಾದ ಎಣ್ಣೆ ತೆಳುವಾಗಿ ಹರಿಯುತ್ತದೆ, ತಣ್ಣಗಿನದಕ್ಕಿಂತ ಬೇಗ ಶಾಖ ಎಳೆಯುತ್ತದೆ.

ಬೆಂಕಿ ಹತ್ತಬಹುದು. ಪಾತ್ರೆಗೆ ಸರಿಯಾಗಿ ಕೂರುವ ಕಬ್ಬಿಣದ ಮುಚ್ಚಳ, ಒಣಮರಳಿನ ಬಕೆಟ್ ಪಕ್ಕದಲ್ಲೇ ಇರಲಿ. ಎಣ್ಣೆಯ ಬೆಂಕಿಗೆ ನೀರು ಹಾಕಿದರೆ ಸಿಡಿದು ಮೈಮೇಲೆ ಬರುತ್ತದೆ. ಹತ್ತಿ ಬಟ್ಟೆ, ಚರ್ಮದ ಕೈಗವಸು, ಬೂಟು, ಕನ್ನಡಕ ಇಲ್ಲದೆ ಈ ಹಂತಕ್ಕೆ ಕೈ ಹಾಕಬೇಡಿ. ಮಕ್ಕಳನ್ನು ದೂರ ಇಡಿ.

ಕುಲುಮೆಯಿಂದ ಎಣ್ಣೆಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ತಡ ಆಗಬಾರದು. ತುದಿ ಕೆಳಗೆ ಮಾಡಿ ನೆಟ್ಟಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ. ಅಕ್ಕಪಕ್ಕ ಅಲ್ಲಾಡಿಸಿದರೆ ಒಂದು ಬದಿ ಬೇಗ ತಣಿದು ಕತ್ತಿ ಬಾಗುತ್ತದೆ. ಹತ್ತು ಹನ್ನೆರಡು ಸೆಕೆಂಡಿನ ನಂತರ ತೆಗೆದು ನೋಡಿ. ಸ್ವಲ್ಪ ಬಾಗಿದ್ದರೆ ಕೈಗವಸಿನಲ್ಲೇ ಹಿಡಿದು ಒತ್ತಿ ನೆಟ್ಟಗೆ ಮಾಡಬಹುದು. ಮಾರ್ಟೆನ್ಸೈಟ್ ಹುಟ್ಟುವುದು 300 ಡಿಗ್ರಿಯ ಆಸುಪಾಸಿನಿಂದ ಕೆಳಗೆ, ಅಲ್ಲಿಯವರೆಗೆ ಉಕ್ಕು ಮಾತು ಕೇಳುತ್ತದೆ. ಪೂರ್ತಿ ತಣಿದ ಮೇಲೆ ಒತ್ತಿದರೆ ಮುರಿಯುತ್ತದೆ.

ತಣಿದ ಕತ್ತಿಯ ಮೇಲಿನ ಕರಿ ಪೊರೆ ಉಜ್ಜಿ, ಬಾಯಿಗೆ ಅರ ಎಳೆಯಿರಿ. ಉದ್ದಕ್ಕೂ ಜಾರಬೇಕು. ಉಪ್ಪು ಹಾಕಿದ್ದರೆ ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಇಲ್ಲದಿದ್ದರೆ ತುಕ್ಕು ಬೇಗ ಹಿಡಿಯುತ್ತದೆ.

ಹಂತ 7: ಟೆಂಪರ್

ಒಂದು ಗಂಟೆಯೊಳಗೆ ಟೆಂಪರ್ ಶುರು ಮಾಡಿ. ಒಳಗಿನ ಬಿಗಿಯಿಂದ ಸುಮ್ನೆ ಮೇಜಿನ ಮೇಲಿಟ್ಟ ಕತ್ತಿಯೂ ತಾನಾಗೇ ಸೀಳಿದ್ದುಂಟು. ಈ ಹೊತ್ತಿನಲ್ಲಿ ಕೈಜಾರಿ ಕೆಳಗೆ ಬೀಳಿಸಬೇಡಿ.

ಎಷ್ಟು ಶಾಖ ಅನ್ನುವುದು ಕೆಲಸದ ಮೇಲೆ. ಸಿಲಿಕಾನ್ ಸ್ಪ್ರಿಂಗ್ ಉಕ್ಕಿಗೆ ಹೇಳುವುದಾದರೆ 205 ಡಿಗ್ರಿಯಲ್ಲಿ ಗಡಸು ರಾಕ್‌ವೆಲ್ 58ರ ಆಸುಪಾಸು. 315ರಲ್ಲಿ ಸುಮಾರು 55. 425ರಲ್ಲಿ ಸುಮಾರು 48. ಅಡುಗೆಮನೆ ಚಾಕುವಿಗೆ ಮೊದಲನೆಯದು ಒಳ್ಳೆಯದು. ತೋಟದ ಕತ್ತಿಗೆ ಅಷ್ಟು ಗಡಸು ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ನೆರಳಿಗೆ ಬೆಳೆಸುವ ಹಾಲುವಾಣದ ಕೊಂಬೆ ಮೆದು, ಆದರೆ ಒಣಗಿದ ಸಿಲ್ವರ್ ಓಕ್ ಮರದ ಗಂಟು, ಕಳೆ ಸವರುವಾಗ ಸಿಗುವ ಕಲ್ಲು ಮೆದು ಅಲ್ಲ. ಮೇಲಾಗಿ ತೋಟದಲ್ಲಿ ಬಾಯಿ ತೀಡುವುದು ಅರದಿಂದ. ಕತ್ತಿ ಅರಕ್ಕಿಂತ ಸಾಕಷ್ಟು ಮೆದು ಇದ್ದರೆ ಮಾತ್ರ ಅರ ಕಚ್ಚುತ್ತದೆ. ಅತಿ ಗಡಸು ಕತ್ತಿ ಮೊಂಡಾದರೆ ಮರದ ಬುಡದಲ್ಲಿ ನಿಂತು ತೀಡಲು ಆಗುವುದೇ ಇಲ್ಲ, ಅಲ್ವಾ?

ಮನೆಯ ಓಟಿಜಿ ಓವನ್ ಸಾಕು. ಅದರ ಗುಂಡಿಯ ಅಂಕಿ ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ತಟ್ಟೆಯಲ್ಲಿ ಒಣಮರಳು ಹರಡಿ ಅದರೊಳಗೆ ಕತ್ತಿ ಇಟ್ಟರೆ ಶಾಖ ಏರಿಳಿಯುವುದಿಲ್ಲ. 240 ಡಿಗ್ರಿಯಲ್ಲಿ ಎರಡು ಗಂಟೆ. ತೆಗೆದು ತಣಿಸಿ. ಮತ್ತೆ ಎರಡು ಗಂಟೆ. ಎರಡು ಸಲ ಯಾಕೆಂದರೆ, ಅದ್ದಿದಾಗ ಬದಲಾಗದೆ ಉಳಿದ ಸ್ವಲ್ಪ ಆಸ್ಟೆನೈಟ್ ಮೊದಲ ಸಲ ಬದಲಾಗಲು ಶುರುವಾಗುತ್ತದೆ. ಅದರಿಂದ ಹುಟ್ಟಿದ್ದಕ್ಕೂ ಟೆಂಪರ್ ಬೇಕು.

ಆಮೇಲೆ ಬೆನ್ನಿನ ಕೆಲಸ. ಕತ್ತಿಯನ್ನು ಬೆಳ್ಳಗೆ ಉಜ್ಜಿ. ಕೆಂಪಗೆ ಕಾದ ದಪ್ಪ ಕಬ್ಬಿಣದ ಸರಳಿನ ಮೇಲೆ ಬೆನ್ನನ್ನು ಮಾತ್ರ ಇಡಿ, ಬಾಯಿ ಮೇಲಕ್ಕೆ. ಬಣ್ಣ ಬೆನ್ನಿನಿಂದ ಬಾಯಿ ಕಡೆ ಹರಿಯುತ್ತದೆ: ಮೊದಲು ತಿಳಿ ಹಳದಿ, ನಂತರ ಕಂದು, ನೇರಳೆ, ಕೊನೆಗೆ ನೀಲಿ. ನೀಲಿ ಅಂದರೆ ಸುಮಾರು 300 ಡಿಗ್ರಿ. ಬೆನ್ನು ನೀಲಿ ದಾಟಿ ಬೂದು ಬರಲಿ. ನೇರಳೆ ಬಣ್ಣ ಬಾಯಿ ಹತ್ತಿರ ಬರುವ ಮೊದಲೇ ಬಾಯಿಯನ್ನು ನೀರಿಗೆ ತಾಗಿಸಿ ತಡೆಯಿರಿ. ಬಾಯಿ ಗಡಸು ಉಳಿಯುತ್ತದೆ, ಬೆನ್ನು ಏಟು ನುಂಗುತ್ತದೆ.

ಒಂದು ಎಚ್ಚರಿಕೆ. ಸಾದಾ ಇಂಗಾಲದ ಉಕ್ಕನ್ನು 260ರಿಂದ 370 ಡಿಗ್ರಿ ಮಧ್ಯೆ ಟೆಂಪರ್ ಮಾಡಿದರೆ ಗಡಸು ಇಳಿದರೂ ತಾಳಿಕೆ ಏರುವುದಿಲ್ಲ, ಬದಲಿಗೆ ಇಳಿಯುತ್ತದೆ. ಕಾಳಿನ ಅಂಚುಗಳಲ್ಲಿ ಸಿಮೆಂಟೈಟ್ ತೆಳುವಾಗಿ ಕೂರುವುದು ಇದಕ್ಕೆ ಒಂದು ಕಾರಣ. ಸಿಲಿಕಾನ್ ಈ ಕೆಟ್ಟ ಜಾಗವನ್ನು ಇನ್ನೂ ಮೇಲಿನ ಶಾಖಕ್ಕೆ ತಳ್ಳುತ್ತದೆ. ಹಾಗಾಗಿ ಸಿಲಿಕಾನ್ ಪಟ್ಟಿಗೆ ಈ ಭಯ ಕಮ್ಮಿ, ಸಾದಾ ಇಂಗಾಲದ ಉಕ್ಕಿನ ಹಳೇ ಅರದಿಂದ ಕತ್ತಿ ಮಾಡುವವರಿಗೆ ಜಾಸ್ತಿ.

ಹಂತ 8: ಕತ್ತಿ ಹೇಳುವುದನ್ನು ಓದುವುದು

ಒಂದು ದಿನ ಕೆಲಸ ಮಾಡಿಸಿ ಬಾಯಿ ನೋಡಿ. ಬಾಯಿ ಮಡಚಿಕೊಂಡಿದ್ದರೆ ಮೊದಲು ಇನ್ನೊಂದಿಷ್ಟು ಸಾಣೆ ಹಿಡಿಯಿರಿ. ಇಂಗಾಲ ಸುಟ್ಟ ಮೇಲ್ಪದರ ಉಳಿದಿರಬಹುದು. ಆಮೇಲೂ ಮಡಚಿದರೆ ಗಡಸು ಬಂದಿಲ್ಲ, ನಾರ್ಮಲೈಸ್‌ನಿಂದ ಮತ್ತೆ ಶುರು ಮಾಡಿ. ಸಣ್ಣ ಚಕ್ಕೆ ಹಾರಿದ್ದರೆ ಟೆಂಪರ್ ಇಪ್ಪತ್ತು ಡಿಗ್ರಿ ಏರಿಸಿ ಮತ್ತೊಂದು ಸಲ ಮಾಡಿ. ಓವನ್ ಅಷ್ಟಕ್ಕೆ ಹೋಗದಿದ್ದರೆ ಬಾಯಿಗೆ ಕಂದು ದಾಟಿ ನೇರಳೆ ಬರುವವರೆಗೆ ಸರಳಿನ ಮೇಲೆ ಬಿಡಿ. ಟೆಂಪರ್ ಏರಿಸುವುದು ಯಾವಾಗಲೂ ಸಾಧ್ಯ, ಇಳಿಸಬೇಕೆಂದರೆ ಮೊದಲಿನಿಂದ ಎಲ್ಲ ಮಾಡಬೇಕು. ದೊಡ್ಡ ಚಕ್ಕೆ ಹಾರಿ, ಮುರಿದ ಕಡೆ ದಪ್ಪ ಕಾಳು ಹೊಳೆದರೆ ಟೆಂಪರ್‌ನಿಂದ ಸರಿಹೋಗುವುದಿಲ್ಲ. ಕಾಯಿಸಿದ್ದೇ ಜಾಸ್ತಿ ಆಗಿದೆ.

ಹದ ಹಾಕಿದ ಕತ್ತಿ ಹಾಳಾಗುವುದು ಹೆಚ್ಚಾಗಿ ಆಮೇಲೆ, ಗ್ರೈಂಡರ್‌ನಲ್ಲಿ. ಬಾಯಿ ತೆಳು, ಒಂದೇ ಕ್ಷಣದಲ್ಲಿ 300 ಡಿಗ್ರಿ ದಾಟುತ್ತದೆ. ಕೈಗವಸು ಇಲ್ಲದೆ ಬರಿಗೈಯಲ್ಲಿ ಹಿಡಿದು ಸಾಣೆ ಹಿಡಿಯಿರಿ, ಕೈಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಿ. ಬಾಯಲ್ಲಿ ನೀಲಿ ಚುಕ್ಕೆ ಬಿದ್ದರೆ ಅಷ್ಟು ಜಾಗ ಮೆದುವಾಯಿತು ಅಂತಲೇ ಅರ್ಥ. ಆ ನೀಲಿಯನ್ನು ಬರೀ ಪಾಲಿಶ್‌ನಲ್ಲಿ ಒರೆಸಿದರೆ ಬಣ್ಣ ಹೋಗುತ್ತದೆ, ಮೆದು ಹಾಗೇ ಉಳಿಯುತ್ತದೆ. ಅಷ್ಟು ಉಕ್ಕನ್ನೇ ಸವೆಸಿ ತೆಗೆಯಬೇಕು. ಹಿಡಿ ಹಾಕುವಾಗಲೂ ಇದೇ ಜಾಗ್ರತೆ. ಕತ್ತಿಯ ಬಾಲವನ್ನು ಕೆಂಪಗೆ ಕಾಯಿಸಿ ಮರದ ಹಿಡಿಗೆ ಇಳಿಸುವ ರೂಢಿ ಇದೆಯಲ್ಲ, ಆಗ ಕತ್ತಿಯ ಮೈಗೆ ಒದ್ದೆ ಗೋಣಿ ಸುತ್ತಿ, ಮೇಲಿಂದ ಮೇಲೆ ನೀರು ಹಾಕುತ್ತಿರಿ.